ದೋಷಯುಕ್ತ ಕಂಪೈಲರ್ ಕಟ್ಟಿದ ಕರ್ನೆಲ್‌ಗಳ ಪತ್ತೆ

ಆಪರೇಟಿಂಗ್ ಸಿಸ್ಟಮಿನ ತಿರುಳಾದ ಕರ್ನೆಲನ್ನು ಮನುಷ್ಯರು ಬರೆಯುವುದು ಬಹುಪಾಲು ಸಿ ಭಾಷೆಯಲ್ಲಿ. ಪ್ರೊಸೆಸರು ಓಡಿಸುವುದು ಕಂಪೈಲರ್ ಅದರಿಂದ ಇಳಿಸಿಕೊಟ್ಟ ಯಂತ್ರಾದೇಶಗಳನ್ನು. ಮೂಲ ಪಠ್ಯ ಸರಿಯಾಗಿದ್ದೂ ಈ ಆದೇಶಗಳು ಬೇರೇನನ್ನೋ ಮಾಡುವಂತಿದ್ದರೆ ಆ ಕರ್ನೆಲ್ ತಪ್ಪಾಗಿ ಕಂಪೈಲ್ ಆಗಿದೆ ಎನ್ನುತ್ತಾರೆ. ಕಂಪೈಲರೇ ನಡುವೆ ಕುಸಿದು ಬಿದ್ದರೆ ಅಷ್ಟು ಅಪಾಯವಿಲ್ಲ. ಕೆಲಸ ಅಲ್ಲಿಗೆ ನಿಲ್ಲುತ್ತದೆ, ದೋಷ ಕಣ್ಣೆದುರಿಗೇ ಇರುತ್ತದೆ. ಅದು ಸದ್ದಿಲ್ಲದೆ ತಪ್ಪು ಆದೇಶಗಳನ್ನು ಬರೆದುಕೊಟ್ಟಾಗಲೇ ಪತ್ತೆಯ ಪ್ರಶ್ನೆ ಏಳುವುದು: ಕಟ್ಟಿ ಮುಗಿದ, ಬಹುಶಃ ಓಡುತ್ತಲೂ ಇರುವ ಕರ್ನೆಲ್ ಅಂಥದ್ದೆಂದು ತಿಳಿಯುವುದು ಹೇಗೆ? ಲಿನಕ್ಸ್ ಕರ್ನೆಲಿನ ಇತಿಹಾಸದಲ್ಲಿ ಇದಕ್ಕೆ ಎರಡು ಬಗೆಯ ಉತ್ತರಗಳಿವೆ. ಕಟ್ಟಿದ ಕಂಪೈಲರಿನ ಹೆಸರು ಮತ್ತು ಆವೃತ್ತಿಯನ್ನು ವಿಚಾರಿಸುವುದು ಒಂದು. ಅದು ಬರೆದ ಆದೇಶಗಳನ್ನೇ ತೆರೆದು ನೋಡುವುದು ಇನ್ನೊಂದು. ಮೊದಲನೆಯದು ಅಗ್ಗ, ಬೇಗ ಮುಗಿಯುತ್ತದೆ, ಎಲ್ಲೆಡೆ ಬಳಕೆಯಲ್ಲಿದೆ. ಆದರೆ ಅದರಿಂದ ಹುಟ್ಟುವುದು ಅನುಮಾನ ಮಾತ್ರ. ಪುರಾವೆ ಸಿಗುವುದು ಎರಡನೆಯದರಿಂದ ಎಂಬುದನ್ನು ಕಳೆದ ಕಾಲು ಶತಮಾನದ ಪ್ರಕರಣಗಳು ಮತ್ತೆ ಮತ್ತೆ ತೋರಿಸಿವೆ.

ಸಾಮಾನ್ಯ ಪ್ರೋಗ್ರಾಮಿನಲ್ಲಿ ಅಡಗಿಯೇ ಉಳಿಯುವ ಕಂಪೈಲರ್ ದೋಷ ಕರ್ನೆಲಿನಲ್ಲಿ ಹೊರಬೀಳುವುದಕ್ಕೆ ಒಂದು ನಿರ್ದಿಷ್ಟ ಕಾರಣವಿದೆ. ಪ್ರತಿ ಫಂಕ್ಷನ್ ತನ್ನ ತಾತ್ಕಾಲಿಕ ಮೌಲ್ಯಗಳನ್ನು ಸ್ಟ್ಯಾಕ್ ಎಂಬ ಸ್ಮೃತಿಭಾಗದಲ್ಲಿ ಇಡುತ್ತದೆ. ಸ್ಟ್ಯಾಕ್ ಎಲ್ಲಿಯವರೆಗೆ ಬಳಕೆಯಲ್ಲಿದೆ ಎಂಬುದನ್ನು ಸ್ಟ್ಯಾಕ್ ಪಾಯಿಂಟರ್ ಎಂಬ ರಿಜಿಸ್ಟರ್ ಹೇಳುತ್ತದೆ. 64 ಬಿಟ್‌ನ ಎಕ್ಸ್86 ಯಂತ್ರಗಳಲ್ಲಿ ಬಳಕೆದಾರರ ಪ್ರೋಗ್ರಾಮುಗಳು ಆ ಗಡಿಯಿಂದ ಕೆಳಗೆ 128 ಬೈಟ್‌ಗಳನ್ನು ನಿರ್ಭಯವಾಗಿ ಬಳಸಬಹುದೆಂಬ ಒಪ್ಪಂದವಿದೆ. ಅದಕ್ಕೆ ರೆಡ್ ಜೋನ್ ಎಂದು ಹೆಸರು. ಕರ್ನೆಲಿಗೆ ಈ ಸವಲತ್ತಿಲ್ಲ. ಕರ್ನೆಲ್ ಓಡುತ್ತಿರುವಾಗ ಇಂಟರಪ್ಟ್, ಅಂದರೆ ಪ್ರೊಸೆಸರಿನ ಗಮನವನ್ನು ತಕ್ಷಣ ಬೇಡುವ ಸಂಕೇತ, ಬಂದರೆ ಪ್ರೊಸೆಸರು ತನ್ನ ಸ್ಥಿತಿಯನ್ನು ಅದೇ ಸ್ಟ್ಯಾಕಿನಲ್ಲಿ, ಗಡಿಯ ಕೆಳಗೆ ಬರೆದುಬಿಡುವುದುಂಟು. ಅಲ್ಲಿ ಏನಿತ್ತೆಂದು ಅದು ನೋಡುವುದಿಲ್ಲ. ಆದ್ದರಿಂದ ಗಡಿಯಾಚೆ ಏನನ್ನೂ ಇಡಬೇಡ ಎಂದು ಕರ್ನೆಲ್ ಕಟ್ಟುವಾಗ ಕಂಪೈಲರಿಗೆ ಸ್ಪಷ್ಟವಾಗಿ ಹೇಳಿರುತ್ತಾರೆ. ಕಂಪೈಲರ್ ಈ ಮಾತನ್ನು ಒಂದೇ ಒಂದು ಆದೇಶದ ಮಟ್ಟಿಗೆ ಮೀರಿದರೂ, ಸರಿಯಾಗಿ ಆ ಕ್ಷಣದಲ್ಲಿ ಇಂಟರಪ್ಟ್ ಬಂದರೆ ಮೌಲ್ಯ ಕೆಡುತ್ತದೆ. ಬರದಿದ್ದರೆ ಎಲ್ಲವೂ ಸುಸೂತ್ರ.

2014ರ ಜುಲೈನಲ್ಲಿ ನಡೆದದ್ದು ಇದೇ. ಗ್ರಾಫಿಕ್ಸ್ ಡ್ರೈವರ್‌ಗಳ ಕೆಲಸಕ್ಕೆ ಹೆಸರಾದ ಮಿಶೆಲ್ ಡೆನ್ಸರ್ ಮತ್ತಿತರರ ಯಂತ್ರಗಳಲ್ಲಿ ಕರ್ನೆಲಿನ ಷೆಡ್ಯೂಲರ್, ಅಂದರೆ ಪ್ರೊಸೆಸರುಗಳಿಗೆ ಕೆಲಸ ಹಂಚುವ ಭಾಗ, ಆಗಾಗ ಕಾರಣವಿಲ್ಲದೆ ಮುಗ್ಗರಿಸುತ್ತಿತ್ತು. ‘ಲೋಡ್ ಬ್ಯಾಲೆನ್ಸ್’ ಫಂಕ್ಷನ್ನಿಗೆ ಕಂಪೈಲರ್ ಬರೆದಿದ್ದ ಆದೇಶಗಳನ್ನು ಲಿನಕ್ಸ್ ಹುಟ್ಟುಹಾಕಿದ ಲೀನಸ್ ಟೋರ್ವಾಲ್ಡ್ಸ್ ಓದಿ ನೋಡಿದಾಗ ಕಾರಣ ಬಯಲಾಯಿತು. ಲಿನಕ್ಸ್ ಕಟ್ಟಲು ಹೆಚ್ಚಾಗಿ ಬಳಸುವ ಜಿಸಿಸಿ ಕಂಪೈಲರಿನ 4.9.0 ಆವೃತ್ತಿ ಒಂದು ವಿಳಾಸವನ್ನು ಫಂಕ್ಷನ್ನಿನ ಸ್ಟ್ಯಾಕ್ ಚೌಕಟ್ಟಿನ ಬುಡದಿಂದ 136 ಬೈಟ್ ಕೆಳಗೆ ಬರೆದಿಟ್ಟು, ಅದಾದ ಮೇಲೆ ಸ್ಟ್ಯಾಕ್ ಪಾಯಿಂಟರನ್ನು 184 ಬೈಟ್ ಇಳಿಸಿತ್ತು. ಮೊದಲು ಜಾಗ, ಆಮೇಲೆ ಬರೆಹ ಎಂಬ ಕ್ರಮ ತಲೆಕೆಳಗಾಗಿತ್ತು. ಟೋರ್ವಾಲ್ಡ್ಸ್ ಬಳಸಿದ ಬೈಗುಳಗಳು ಸುದ್ದಿಯಾದವು. ಅವರು ಮಾಡಿದ ರೋಗನಿರ್ಣಯಕ್ಕೆ ಅಷ್ಟು ಪ್ರಚಾರ ಸಿಗಲಿಲ್ಲ. ಪತ್ತೆಯ ದೃಷ್ಟಿಯಿಂದ ಮುಖ್ಯವಾದ ಸಂಗತಿ ಮುಂದಿನದು: ದೋಷದ ಮೂಲ ಜಿಸಿಸಿ 4.5ರಷ್ಟು ಹಿಂದಕ್ಕೆ ಹೋಗುತ್ತಿತ್ತು. ವರ್ಷಗಟ್ಟಲೆ ಅದು ಕಂಪೈಲರಿನೊಳಗೆ ಇತ್ತು. ಆಪ್ಟಿಮೈಸೇಷನ್ನಿನಲ್ಲಿ ಆದ ಸಣ್ಣ ಬದಲಾವಣೆಗಳಿಂದ 4.9ರಲ್ಲಿ ಈ ಒಂದು ಫಂಕ್ಷನ್ನಿನ ಮೇಲೆ ಬಂದೆರಗಿತು. ಹಾಗಾದರೆ ‘ದೋಷಯುಕ್ತ ಕಂಪೈಲರ್’ ಯಾವುದು? 4.5ರಿಂದ 4.9ರವರೆಗಿನ ಎಲ್ಲವೂ. ‘ದೋಷಯುಕ್ತ ಕರ್ನೆಲ್’ ಯಾವುದು? ಅವು ಕಟ್ಟಿದವುಗಳಲ್ಲಿ ಕೆಲವು ಮಾತ್ರ. ಈ ಎರಡು ಗುಂಪುಗಳು ಒಂದೇ ಅಲ್ಲ ಎಂಬುದನ್ನು ಮರೆತ ಕಡೆಯಲ್ಲೆಲ್ಲ ಪತ್ತೆಯ ಉಪಾಯಗಳು ಎಡವಿವೆ.

ಕರ್ನೆಲನ್ನು ಓಡಿಸಿ ಪರೀಕ್ಷಿಸಿದರೆ ಸಾಲದೇ ಎಂಬ ಆಕ್ಷೇಪಕ್ಕೆ ಆರ್ಮ್ ಪ್ರೊಸೆಸರುಗಳ ಎರಡು ಪ್ರಕರಣಗಳು ಉತ್ತರ ಕೊಡುತ್ತವೆ. ಜಿಸಿಸಿ 4.8.0ರಿಂದ 4.8.2ರವರೆಗಿನ ಆವೃತ್ತಿಗಳು 32 ಬಿಟ್ ಆರ್ಮ್‌ನಲ್ಲಿ ಫಂಕ್ಷನ್ ಮುಗಿಯುವ ಹೊತ್ತಿಗೆ ಸ್ಟ್ಯಾಕಿನ ಜಾಗವನ್ನು ಮೊದಲೇ ಬಿಟ್ಟುಕೊಟ್ಟು, ಬಿಟ್ಟ ಜಾಗದಿಂದ ಆಮೇಲೆ ಓದುತ್ತಿದ್ದವು. ಏಟು ಬಿದ್ದದ್ದು ಡಿಸ್ಕಿನ ಪುಟಗಳನ್ನು ಸ್ಮೃತಿಯಲ್ಲಿ ಹುಡುಕುವ ಫಂಕ್ಷನ್ನಿಗೆ. ಪರಿಣಾಮವಾಗಿ ಇಎಕ್ಸ್‌ಟಿ3 ಮತ್ತು ಇಎಕ್ಸ್‌ಟಿ4 ಕಡತ ವ್ಯವಸ್ಥೆಗಳೇ ಕೆಡಬಹುದಿತ್ತು. 2014ರಲ್ಲಿ ಆರ್ಮ್ ವಿಭಾಗದ ನಿರ್ವಾಹಕ ರಸೆಲ್ ಕಿಂಗ್ ಈ ಆವೃತ್ತಿಗಳಿಂದ ಕರ್ನೆಲ್ ಕಟ್ಟಲು ಹೊರಟವರನ್ನು ಅಲ್ಲೇ ತಡೆಯುವ ತಪಾಸಣೆ ಸೇರಿಸಿದರು. ಅದೇ ರಸೆಲ್ ಕಿಂಗ್‌ರ 64 ಬಿಟ್ ಆರ್ಮ್ ಯಂತ್ರಗಳಲ್ಲಿ ಇಎಕ್ಸ್‌ಟಿ4 ಚೆಕ್‌ಸಮ್‌ಗಳು ಅಪರೂಪಕ್ಕೊಮ್ಮೆ ತಾಳೆಯಾಗದೆ ಹೋಗುತ್ತಿದ್ದವು. ಡಿಸ್ಕೋ ಸ್ಮೃತಿಯೋ ಕಡತ ವ್ಯವಸ್ಥೆಯ ಬರೆಹವೋ ಎಂಬ ಗೊಂದಲ 2021ರ ಜನವರಿಯಲ್ಲಿ ಬಗೆಹರಿಯಿತು. ಜಿಸಿಸಿ 4.9ರಿಂದ 5.1ರ ಒಳಗಿನ ಆವೃತ್ತಿಗಳು ಸ್ಟ್ಯಾಕ್ ಗಡಿಯಾಚೆ ಕೈಹಾಕುತ್ತಿದ್ದವು. ಹಾಗಾಗಿ ಕರ್ನೆಲ್ ತಂಡದ ವಿಲ್ ಡೀಕನ್ 64 ಬಿಟ್ ಆರ್ಮ್‌ಗೆ ಬೇಕಾದ ಕನಿಷ್ಠ ಆವೃತ್ತಿಯನ್ನು 5.1ಕ್ಕೆ ಏರಿಸಿದರು. ಈ ಕರ್ನೆಲುಗಳು ಬೂಟ್ ಆಗುತ್ತಿದ್ದವು, ಪರೀಕ್ಷೆಗಳನ್ನು ದಾಟುತ್ತಿದ್ದವು, ದಿನಗಟ್ಟಲೆ ಸರ್ವರ್ ಕೆಲಸ ಮಾಡುತ್ತಿದ್ದವು. ಒಂದೆರಡು ಆದೇಶಗಳಷ್ಟು ಕಿರಿದಾದ ಕಿಂಡಿಯಲ್ಲಿ ಇಂಟರಪ್ಟ್ ಬಂದು ಬೀಳಬೇಕೆಂಬ ನಿಬಂಧನೆ ಇರುವಾಗ, ಪರೀಕ್ಷೆ ಪಾಸಾದದ್ದು ಹೇಳುವುದು ಇಷ್ಟೇ: ಆ ಹೊತ್ತಿನಲ್ಲಿ ಅದು ಬೀಳಲಿಲ್ಲ.

ಹೆಸರಿನ ಮೂಲಕ ಪತ್ತೆ ಮಾಡುವ ಸಾಧನಗಳಿಗೇನೂ ಕೊರತೆಯಿಲ್ಲ. ಲಿನಕ್ಸ್ ಎದ್ದ ಕೂಡಲೇ ಬರೆಯುವ ಮೊದಲ ಸಾಲುಗಳಲ್ಲೇ ಒಂದರಲ್ಲಿ ಅದನ್ನು ಕಟ್ಟಿದ ಕಂಪೈಲರಿನ ಹೆಸರು, ಆವೃತ್ತಿ ಇರುತ್ತವೆ. ಓಡುತ್ತಿರುವ ಯಂತ್ರದಲ್ಲಿ ‘ಪ್ರಾಕ್’ ಕೋಶದ ‘ವರ್ಷನ್’ ಕಡತ ತೆರೆದರೂ ಅದೇ ಸಾಲು. ಸಂರಚನೆಯ ಕಡತವನ್ನು ಕರ್ನೆಲಿನೊಳಗೇ ಅಡಕ ಮಾಡಿದ್ದರೆ ಅಲ್ಲಿಯೂ ಈ ವಿವರ ಸಿಗುತ್ತದೆ. ಇಎಲ್‌ಎಫ್ ಮಾದರಿಯ ಕಡತಗಳಲ್ಲಿ ಕಂಪೈಲರ್ ತನ್ನ ಸಹಿ ಹಾಕುವ ‘ಕಾಮೆಂಟ್’ ಎಂಬ ವಿಭಾಗವಿದೆ. ಡೀಬಗ್ ಮಾಹಿತಿ ಉಳಿದಿದ್ದರೆ ಯಾವ ಆಯ್ಕೆಗಳೊಂದಿಗೆ ಕಂಪೈಲ್ ಆಯಿತೆಂಬುದೂ ತಿಳಿಯಬಹುದು. 2.6 ಸರಣಿಯ ಆರಂಭದ ಕರ್ನೆಲುಗಳು ಮಾಡ್ಯೂಲುಗಳ ಹಣೆಪಟ್ಟಿಯಲ್ಲಿ ಜಿಸಿಸಿ ಆವೃತ್ತಿಯನ್ನೂ ಬರೆದು, ತಾಳೆಯಾಗದಿದ್ದರೆ ಒಳಗೆ ಬಿಡುತ್ತಿರಲಿಲ್ಲ. ಅತಿ ಎಚ್ಚರಿಕೆಯಂತೆ ಕಂಡರೂ ಇದರ ಹಿನ್ನೆಲೆ ಗಟ್ಟಿಯಾದದ್ದು: ಹಳೆಯ ಜಿಸಿಸಿಗಳು ಖಾಲಿ ರಚನೆಗಳನ್ನು ತಪ್ಪಾಗಿ ನಿರ್ವಹಿಸುತ್ತಿದ್ದುದರಿಂದ 2.4 ಕರ್ನೆಲಿನ ಬೀಗದ ವ್ಯಾಖ್ಯೆಯಲ್ಲಿ ಅಂಥ ಕಂಪೈಲರುಗಳಿಗೆಂದೇ ‘ಜಿಸಿಸಿ ಈಸ್ ಬಗ್ಗಿ’ ಎಂಬ ಹೆಸರಿನ ಒಂದು ಸದಸ್ಯವನ್ನು ತುರುಕಿದ್ದರು. ಕಂಪೈಲರ್ ಬದಲಾದರೆ ರಚನೆಯ ಗಾತ್ರವೇ ಬದಲಾಗುತ್ತಿತ್ತು. 2000ದಲ್ಲಿ ರೆಡ್ ಹ್ಯಾಟ್ ಲಿನಕ್ಸ್ 7.0, ಜಿಸಿಸಿ ತಂಡ ಎಂದೂ ಬಿಡುಗಡೆ ಮಾಡದ ‘2.96’ ಎಂಬ ಆವೃತ್ತಿಯನ್ನು ಹೊತ್ತು ಬಂದಾಗ, ಕರ್ನೆಲ್ ಕಟ್ಟಲು ‘ಕೆಜಿಸಿಸಿ’ ಎಂಬ ಬೇರೆ, ಹಳೆಯ ಕಂಪೈಲರನ್ನು ಜೊತೆಗೆ ಕೊಡಬೇಕಾಯಿತು. 4.1.0 ಮತ್ತು 4.1.1 ದುರ್ಬಲ ಸಂಕೇತಗಳನ್ನು ತಪ್ಪಾಗಿ ಕಂಪೈಲ್ ಮಾಡುತ್ತವೆಂದು ಗೊತ್ತಾದ ಮೇಲೆ ಅವುಗಳಿಗೂ ಬಾಗಿಲು ಮುಚ್ಚಿತು.

ಇಷ್ಟೆಲ್ಲ ಇದ್ದೂ ಹೆಸರು ಸಾಕ್ಷಿಯಾಗಲಾರದು. ಅಂಗಡಿಯ ತಕ್ಕಡಿಗೆ ಮುದ್ರೆ ಬಿದ್ದಿದೆ ಎಂದಮಾತ್ರಕ್ಕೆ ಇವತ್ತು ತೂಗಿಕೊಟ್ಟ ಬೆಲ್ಲ ಸರಿಯಿದೆ ಎಂದಾಗುವುದಿಲ್ಲ. ಕ್ಲ್ಯಾಂಗ್ ಕಂಪೈಲರ್ ಹಳೆಯ ಪಠ್ಯಗಳೊಂದಿಗೆ ಹೊಂದಿಕೊಳ್ಳಲೆಂದು ತನ್ನನ್ನು ಜಿಸಿಸಿ 4.2.1 ಎಂದು ಪರಿಚಯಿಸಿಕೊಳ್ಳುತ್ತದೆ. ಆವೃತ್ತಿಯ ಅಂಕಿಯನ್ನಷ್ಟೇ ಹೋಲಿಸುವ ತಪಾಸಣೆ ಅದನ್ನು ನಂಬಿದರೆ ತೀರ್ಪು ಅರ್ಥಹೀನ. ಲಿನಕ್ಸ್ ವಿತರಕರು ಹಳೆಯ ಆವೃತ್ತಿಗೆ ಹೊಸ ತಿದ್ದುಪಡಿಗಳನ್ನು ಹಿಂದಿನಿಂದ ಸೇರಿಸುವುದು ವಾಡಿಕೆ; ಆಗ ಅಂಕಿ ಬದಲಾಗದೆ ನಡವಳಿಕೆ ಬದಲಾಗುತ್ತದೆ. ಬಿಡುಗಡೆಯ ನಡುವಿನ ಸ್ನ್ಯಾಪ್‌ಶಾಟುಗಳಲ್ಲಿ ಇದರ ತಿರುಗುಮುರುಗು: ಅಂಕಿ ಹೊಸದು, ದೋಷ ಹಳೆಯದು. ಇನ್ನು ದೋಷಯುಕ್ತ ಆವೃತ್ತಿಗಳ ಪಟ್ಟಿಗೆ, ಯಾರಾದರೂ ಸೇರಿಸಿದ್ದಷ್ಟೇ ಗೊತ್ತು. 64 ಬಿಟ್ ಆರ್ಮ್‌ನ ದೋಷ ಜಿಸಿಸಿಯ ದೋಷಪಟ್ಟಿಯಲ್ಲಿ 2014ರಲ್ಲೇ ದಾಖಲಾಗಿತ್ತು. ಕರ್ನೆಲಿನ ತಪಾಸಣೆಗೆ ಅದು ತಲುಪಿದ್ದು 2021ರಲ್ಲಿ. ಈ ನಡುವೆ ಕಟ್ಟಿದ ಅಂಥ ಕರ್ನೆಲುಗಳೆಲ್ಲ ನಿಯಮದ ಪ್ರಕಾರ ನಿರ್ದೋಷಿಗಳೇ ಆಗಿದ್ದವು. ಪಟ್ಟಿಯಿಂದ ಉಪಯೋಗವೇ ಇಲ್ಲವೆಂದು ಇದರ ಅರ್ಥವಲ್ಲ. ಕಡತ ವ್ಯವಸ್ಥೆ ಕೆಡಿಸುವ ಕಂಪೈಲರನ್ನು ಕಟ್ಟುವ ಹೊತ್ತಿನಲ್ಲೇ ತಿರಸ್ಕರಿಸುವುದು ಲಕ್ಷಾಂತರ ಜನರ ಪರವಾಗಿ ಒಬ್ಬರು ಮಾಡಿದ ಉಪಕಾರ. ಇದಕ್ಕಿಂತ ಅಗ್ಗದ ರಕ್ಷಣೆ ಇನ್ನೊಂದಿಲ್ಲ. ಆದರೆ ಅದು ಮುಂದೆ ಕಟ್ಟುವವರನ್ನು ತಡೆಯುತ್ತದೆ. ಈಗಾಗಲೇ ಕಟ್ಟಿದ ಒಂದು ಕರ್ನೆಲಿನ ಬಗ್ಗೆ ತೀರ್ಪು ಕೊಡುವ ಶಕ್ತಿ ಅದಕ್ಕಿಲ್ಲ.

ಹೆಸರು ಕೇಳುವುದಕ್ಕೂ ಆದೇಶ ಓದುವುದಕ್ಕೂ ನಡುವೆ ಒಂದು ದಾರಿಯಿದೆ: ಕಂಪೈಲರಿಗೆ ಸಣ್ಣ ತುಣುಕೊಂದನ್ನು ಕೊಟ್ಟು ಅದು ಏನು ಬರೆಯುತ್ತದೆಂದು ನೋಡುವುದು. ಸ್ಟ್ಯಾಕ್ ರಕ್ಷಣೆಯ ಆಯ್ಕೆಯನ್ನು ಜಿಸಿಸಿ ಸರಿಯಾಗಿ ಪಾಲಿಸುತ್ತದೆಯೇ ಎಂದು ತಿಳಿಯಲು ಕರ್ನೆಲಿನ ಸ್ಕ್ರಿಪ್ಟೊಂದು ಪುಟ್ಟ ಫಂಕ್ಷನ್ ಕಂಪೈಲ್ ಮಾಡಿಸಿ, ಹೊರಬಂದ ಅಸೆಂಬ್ಲಿಯಲ್ಲಿ, ಅಂದರೆ ಯಂತ್ರಾದೇಶಗಳ ಓದಬಹುದಾದ ರೂಪದಲ್ಲಿ, ನಿರೀಕ್ಷಿತ ಸೆಗ್ಮೆಂಟ್ ರಿಜಿಸ್ಟರಿನ ಹೆಸರು ಇದೆಯೇ ಎಂದು ಹುಡುಕುತ್ತಿತ್ತು. 2018ರಿಂದ ಇಂಥ ಪರೀಕ್ಷೆಗಳು ಸಂರಚನೆಯ ಹಂತಕ್ಕೇ ಬಂದಿವೆ. 2014ರ ಪ್ರಕರಣಕ್ಕೆ ಹೊಂದುವ ಪರೀಕ್ಷೆ ಜಿಸಿಸಿಯಲ್ಲೇ ಇತ್ತು. ಡೀಬಗ್ ಮಾಹಿತಿ ಬೇಕೆಂದು ಕೇಳಿದಾಗಲೂ ಬೇಡವೆಂದಾಗಲೂ ಯಂತ್ರಾದೇಶಗಳು ಒಂದೇ ಆಗಿರಬೇಕು. ಎರಡು ಬಾರಿ ಕಂಪೈಲ್ ಮಾಡಿ ಹೋಲಿಸು ಎಂದು ಜಿಸಿಸಿಗೆ ಹೇಳಬಹುದು. ಲೋಡ್ ಬ್ಯಾಲೆನ್ಸ್ ಕೆಟ್ಟದ್ದು ಡೀಬಗ್ ಮಾಹಿತಿ ಚಾಲೂ ಇದ್ದಾಗ ಮಾತ್ರ. ಹಾಗೆಂದೇ ತಾತ್ಕಾಲಿಕ ಪರಿಹಾರವಾಗಿ, ಚರಗಳ ಜಾಡು ಹಿಡಿಯುವ ಕಂಪೈಲರಿನ ಒಂದು ಸೌಲಭ್ಯವನ್ನು ಕರ್ನೆಲಿನ ಮಟ್ಟಿಗೆ ಬಂದ್ ಮಾಡಿದರು.

2018ರ ಜನವರಿಯಲ್ಲಿ ಪ್ರೊಸೆಸರುಗಳ ಸ್ಪೆಕ್ಟರ್ ಎಂಬ ದೌರ್ಬಲ್ಯ ಬಹಿರಂಗವಾದ ಮೇಲೆ ಪತ್ತೆಗೆ ಇನ್ನೊಂದು ಮುಖ ಬಂತು. ಅಲ್ಲಿ ಕಂಪೈಲರ್ ತಪ್ಪೇನೂ ಮಾಡಿರಲಿಲ್ಲ. ರೆಟ್‌ಪೊಲೀನ್ ಎಂಬ, ಪರೋಕ್ಷ ಜಿಗಿತಗಳನ್ನು ಬದಲಿಸುವ ರಕ್ಷಣಾತಂತ್ರ ಅದಕ್ಕೆ ತಿಳಿದಿರಲಿಲ್ಲ, ಅಷ್ಟೇ. ಜಿಸಿಸಿ 7.3 ಆ ತಿಂಗಳ ಕೊನೆಗೆ ಆ ಸೌಲಭ್ಯದೊಂದಿಗೆ ಹೊರಬಂತು. ಹಳೆಯ ಕಂಪೈಲರಿನಿಂದ ಕಟ್ಟಿದ ಕರ್ನೆಲ್ ತನ್ನ ಸ್ಥಿತಿಯನ್ನು ತಾನೇ ‘ದುರ್ಬಲ’ ಎಂದು ಸಿಸ್‌ಎಫ್‌ಎಸ್ ಕಡತದಲ್ಲಿ ಒಪ್ಪಿಕೊಳ್ಳತೊಡಗಿತು. ರಕ್ಷಣೆಯಿಲ್ಲದೆ ಕಂಪೈಲ್ ಆದ ಮಾಡ್ಯೂಲ್ ಒಳಬಂದರೆ ಎಚ್ಚರಿಕೆಯ ಸಾಲು ಬರೆಯತೊಡಗಿತು. ಉಪಯುಕ್ತವಾದರೂ ಇದು ಸ್ವಘೋಷಣೆಯೇ. ಮಾಡ್ಯೂಲಿನಲ್ಲಿರುವ ಗುರುತು, ಅದನ್ನು ಯಾವ ಆಯ್ಕೆಯೊಂದಿಗೆ ಕಟ್ಟಿದರೆಂದು ಹೇಳುತ್ತದೆಯೇ ಹೊರತು ಅದರೊಳಗಿನ ಪ್ರತಿಯೊಂದು ಪರೋಕ್ಷ ಜಿಗಿತವೂ ಬದಲಾಗಿದೆ ಎಂದಲ್ಲ.

ಹಾಗಾದರೆ ಆದೇಶಗಳನ್ನು ನೋಡುವುದು ಹೇಗೆ? ಕರ್ನೆಲ್ ಮುಗ್ಗರಿಸಿದಾಗ ಬರೆಯುವ ವರದಿಯಲ್ಲಿ ‘ಕೋಡ್’ ಎಂದು ಶುರುವಾಗುವ ಒಂದು ಸಾಲಿದೆ; ಎಕ್ಸ್86ರಲ್ಲಿ ಅಲ್ಲಿ ಎಡವಿದ ಜಾಗದ ಆಚೀಚಿನ 64 ಬೈಟ್ ಯಂತ್ರಾದೇಶಗಳಿರುತ್ತವೆ. ಬಳಕೆದಾರನ ಬಳಿ ಮೂಲ ಕಡತವಾಗಲಿ ಕಂಪೈಲರಾಗಲಿ ಇಲ್ಲದಿದ್ದರೂ ಈ ಸಾಲನ್ನು ಬಿಡಿಸಿ ಓದಬಹುದು. ಯಾವ ರಿಜಿಸ್ಟರಿನಲ್ಲಿ ಇರಬಾರದ ಮೌಲ್ಯವಿದೆ, ಅದು ಎಲ್ಲಿಂದ ಬಂದಿರಬೇಕು ಎಂದು ಹಿಂದಕ್ಕೆ ನಡೆಯಬಹುದು. ತಪ್ಪು ಯಾವ ಫಂಕ್ಷನ್ನಿನಲ್ಲಿದೆ ಎಂದೇ ತಿಳಿಯದಾಗ ಆಬ್ಜೆಕ್ಟ್ ಕಡತಗಳನ್ನು ಇಬ್ಭಾಗಿಸುತ್ತಾರೆ: ಅರ್ಧವನ್ನು ನಂಬಿಗಸ್ತ ಕಂಪೈಲರಿನಿಂದ, ಉಳಿದರ್ಧವನ್ನು ಶಂಕಿತದಿಂದ ಕಟ್ಟಿ ಕೂಡಿಸಿ ಓಡಿಸುವುದು, ರೋಗ ಯಾವ ಪಾಲಿನಲ್ಲಿ ಉಳಿಯಿತೋ ಅದನ್ನು ಮತ್ತೆ ಒಡೆಯುವುದು. ಸಾವಿರಾರು ಕಡತಗಳಿದ್ದರೂ ಹತ್ತು ಹನ್ನೆರಡು ಸುತ್ತಿನಲ್ಲಿ ಒಂದೇ ಕಡತಕ್ಕೆ ಬಂದು ನಿಲ್ಲುತ್ತದೆ. ತೊಂದರೆ ಮರುಕಳಿಸುವಂತಿದ್ದರೆ ಮಾತ್ರ ಈ ಉಪಾಯ ನಡೆದೀತು. ಸ್ಟ್ಯಾಕ್ ಗಡಿ ಮೀರುವಂಥ ನಿರ್ದಿಷ್ಟ ತಪ್ಪಿಗೆ ಇಡೀ ಕರ್ನೆಲನ್ನು ಅಸೆಂಬ್ಲಿಗೆ ಬಿಡಿಸಿ, ಪಾಯಿಂಟರ್ ಇಳಿಸುವ ಮೊದಲೇ ಕೆಳಗೆ ಬರೆಯುವ ಆದೇಶಗಳನ್ನು ಸ್ಕ್ರಿಪ್ಟಿನಿಂದ ಹುಡುಕಬಹುದು. ಇಲ್ಲಿ ಓಡಿಸುವ ಅಗತ್ಯವೇ ಇಲ್ಲ; ವರ್ಷಕ್ಕೊಮ್ಮೆ ಕಾಣಿಸುವ ತಪ್ಪೂ ನಿಮಿಷಗಳಲ್ಲಿ ಸಿಕ್ಕಿಬೀಳುತ್ತದೆ. 2016ರಲ್ಲಿ, 4.6ನೆಯ ಆವೃತ್ತಿಯೊಂದಿಗೆ, ಜಾಶ್ ಪೊಯಿಂಬಫ್ ಬರೆದ ಆಬ್ಜ್‌ಟೂಲ್ ಕರ್ನೆಲಿಗೆ ಸೇರಿತು. ಕಂಪೈಲರ್ ಹೊರಹಾಕಿದ ಪ್ರತಿ ಫಂಕ್ಷನ್ನಿನ ದಾರಿಗಳನ್ನೆಲ್ಲ ಹಿಂಬಾಲಿಸಿ ಸ್ಟ್ಯಾಕಿನ ಸ್ಥಿತಿ ನಿಯಮಬದ್ಧವಾಗಿದೆಯೇ ಎಂದು ಅದು ನೋಡುತ್ತದೆ. ಅದರ ಗುರಿ ಕರೆಗಳ ಜಾಡನ್ನು ನಂಬಲರ್ಹ ಮಾಡುವುದು. ಲೆಕ್ಕ ಸರಿಯಿದೆಯೇ ಎಂದು ಅದು ನೋಡುವುದಿಲ್ಲ. ಆದರೂ ಕಂಪೈಲರಿನ ಹೆಸರನ್ನು ಕೇಳದೆ ಅದರ ಕೆಲಸವನ್ನು ಪರಿಶೀಲಿಸುವ ಸಾಧನವೊಂದು ಕರ್ನೆಲ್ ಕಟ್ಟುವ ನಿತ್ಯದ ಪ್ರಕ್ರಿಯೆಗೆ ಸೇರಿತೆಂಬುದು ಸಣ್ಣ ಮಾತಲ್ಲ.

ಇಲ್ಲೊಂದು ಗಂಭೀರ ಆಕ್ಷೇಪವಿದೆ: ಕಂಪೈಲರ್ ದೋಷ ಎಂದು ದೂರಿದ್ದರಲ್ಲಿ ಹೆಚ್ಚಿನವು ಕಂಪೈಲರಿನ ದೋಷವೇ ಅಲ್ಲ. ಇದು ನಿಜ. ಕರ್ನೆಲ್ ಕಂಪೈಲ್ ಮಾಡುವಾಗ ಜಿಸಿಸಿ ‘ಸಿಗ್ನಲ್ 11’ ಎಂದು ಸಾಯುವುದು ಸಾಮಾನ್ಯವಾಗಿ ಕೆಟ್ಟ ಸ್ಮೃತಿಯ ಲಕ್ಷಣವೆಂದು ವಿವರಿಸಲು ರೋಜಿಯರ್ ವುಲ್ಫ್ ಒಂದು ಪ್ರಶ್ನೋತ್ತರ ಮಾಲೆಯನ್ನೇ ಬರೆಯಬೇಕಾಯಿತು. ವರ್ಚುವಲ್ ಜಾಲಸಂಪರ್ಕದ ಟನ್ ಡ್ರೈವರಿನ 2009ರ ಪ್ರಕರಣ ಇನ್ನೂ ಸೂಕ್ಷ್ಮ. ಅಲ್ಲಿ ಪಾಯಿಂಟರನ್ನು ಮೊದಲು ಬಳಸಿ, ಆಮೇಲೆ ಅದು ಶೂನ್ಯವೇ ಎಂದು ಪರೀಕ್ಷಿಸಿದ್ದರು. ಬಳಸಿದ ಮೇಲೆ ಶೂನ್ಯವಾಗಿರಲು ಸಾಧ್ಯವಿಲ್ಲ ಎಂದು ತರ್ಕಿಸಿ ಜಿಸಿಸಿ ಆ ಪರೀಕ್ಷೆಯನ್ನೇ ಅಳಿಸಿತು. ಭದ್ರತಾ ಸಂಶೋಧಕ ಬ್ರ್ಯಾಡ್ ಸ್ಪೆಂಗ್ಲರ್ ಆ ತೂತಿನಿಂದ ಯಂತ್ರದ ಪೂರ್ಣ ಅಧಿಕಾರ ಪಡೆಯಬಹುದೆಂದು ತೋರಿಸಿದರು. ಸಿ ಭಾಷೆಯ ನಿಯಮದ ಪ್ರಕಾರ ಕಂಪೈಲರ್ ತಪ್ಪಿತಸ್ಥ ಅಲ್ಲ. ಆಮೇಲೆ ಶೂನ್ಯ ಪರೀಕ್ಷೆಗಳನ್ನು ಅಳಿಸದಂತೆ ತಡೆಯುವ ಆಯ್ಕೆಯನ್ನು ಕರ್ನೆಲ್ ಕಾಯಂ ಮಾಡಿಕೊಂಡಿತು. ಆದರೆ ಈ ಆಕ್ಷೇಪ ಪ್ರಸ್ತುತ ವಾದವನ್ನು ದುರ್ಬಲಗೊಳಿಸುವ ಬದಲು ಬಲಪಡಿಸುತ್ತದೆ. ಟನ್ ಡ್ರೈವರನ್ನು ಕಟ್ಟಿದ ಜಿಸಿಸಿ ಯಾವ ದೋಷಪಟ್ಟಿಯಲ್ಲೂ ಸಿಗದು. ಅಳಿಸಿಹೋದ ಪರೀಕ್ಷೆ ಮಾತ್ರ ಅಸೆಂಬ್ಲಿ ತೆರೆದವರಿಗೆ ತಕ್ಷಣ ಕಾಣುತ್ತದೆ. ತಪ್ಪು ಕಂಪೈಲರಿನದೋ, ಕರ್ನೆಲ್ ಬರೆದವರದೋ, ಸ್ಮೃತಿಯ ಚಿಪ್ಪಿನದೋ ಎಂಬ ಜಗಳ ತೀರುವುದು ಮೂಲ ಪಠ್ಯ ಮತ್ತು ಆದೇಶಗಳನ್ನು ಪಕ್ಕಪಕ್ಕದಲ್ಲಿಟ್ಟಾಗಲೇ.

ಈ ಹೋಲಿಕೆಯನ್ನು ಕಣ್ಣಳತೆಗೆ ಬಿಡದೆ ಗಣಿತದಿಂದ ಪೂರ್ಣಗೊಳಿಸಬಹುದೆಂದು ಎಸ್‌ಇಎಲ್4 ಎಂಬ ಮೈಕ್ರೊಕರ್ನೆಲ್ ತೋರಿಸಿದೆ. ಥಾಮಸ್ ಸೀವೆಲ್, ಮ್ಯಾಗ್ನಸ್ ಮೈರೀನ್, ಗರ್ವಿನ್ ಕ್ಲೈನ್ 2013ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಸುಮಾರು 9,500 ಸಾಲುಗಳ ಸಿ ಪಠ್ಯಕ್ಕೂ ಮಾರ್ಪಾಡಿಲ್ಲದ ಜಿಸಿಸಿ 4.5.1 ಅದರಿಂದ ತಯಾರಿಸಿದ ಯಂತ್ರಕಡತಕ್ಕೂ ಅರ್ಥ ಹೊಂದುತ್ತದೆಂದು ಬಹುತೇಕ ಸ್ವಯಂಚಾಲಿತವಾಗಿ ಸಾಧಿಸಿದ್ದಾರೆ. ಅಸೆಂಬ್ಲಿಯಲ್ಲೇ ಬರೆದ ಭಾಗಗಳು ಇದರಿಂದ ಹೊರಗೆ. ಪೂರ್ಣ ಫಲ ಸಿಕ್ಕಿದ್ದು ಆಪ್ಟಿಮೈಸೇಷನ್ನಿನ ಮೊದಲ ಹಂತದಲ್ಲಿ. ಗಮನಿಸಬೇಕಾದದ್ದು ಆವೃತ್ತಿ: 4.5 ಎಂದರೆ 2014ರ ದೋಷ ಆಗಲೇ ಒಳಗಿದ್ದ ಸರಣಿ. ಹೆಸರಿನ ಪಟ್ಟಿ ಇಂಥ ಕಂಪೈಲರನ್ನು ಹೊರಗಿಡಬಹುದಿತ್ತು. ಪುರಾವೆ ಈ ನಿರ್ದಿಷ್ಟ ಕಡತವನ್ನು ಒಳಗೆ ಬಿಟ್ಟಿತು. ಕೋಟಿಗಟ್ಟಲೆ ಸಾಲುಗಳ ಲಿನಕ್ಸಿಗೆ ಈ ದಾರಿ ಇಂದಿಗೆ ನಿಲುಕದು, ಅದರ ಸಿ ಪಠ್ಯಕ್ಕೆ ನಿಖರ ಗಣಿತಾರ್ಥ ಕೊಟ್ಟವರೂ ಇಲ್ಲ. ಮೊದಲಿಗೇ ನಿರ್ದೋಷಿ ಕಂಪೈಲರ್ ಕಟ್ಟಿಕೊಂಡರಾಯಿತಲ್ಲ ಎನ್ನುವವರು ಯೂಟಾ ವಿಶ್ವವಿದ್ಯಾಲಯದ ಸಿಸ್ಮಿತ್ ಪ್ರಯೋಗವನ್ನು ನೋಡಬೇಕು. ಯದ್ವಾತದ್ವಾ ಆದರೆ ನಿಯಮಬದ್ಧ ಸಿ ಪ್ರೋಗ್ರಾಮುಗಳನ್ನು ಹುಟ್ಟಿಸಿ ಮೂರು ವರ್ಷಗಳಲ್ಲಿ 325ಕ್ಕೂ ಹೆಚ್ಚು ಹೊಸ ದೋಷಗಳನ್ನು ಆ ತಂಡ ವರದಿ ಮಾಡಿತು. ಪರೀಕ್ಷೆಗೆ ಒಳಗಾದ ಪ್ರತಿಯೊಂದು ಕಂಪೈಲರೂ ಎಲ್ಲೋ ಒಂದು ಕಡೆ ತಪ್ಪು ಆದೇಶ ಬರೆದಿತ್ತು. ಕ್ಸಾವಿಯೆ ಲೆರೊವಾ ಅವರ ಪ್ರಮಾಣಿತ ಕಂಪೈಲರಾದ ಕಾಂಪ್‌ಸರ್ಟ್‌ನಲ್ಲೂ ದೋಷ ಸಿಕ್ಕಿತು, ಪ್ರಮಾಣೀಕರಿಸದೆ ಬಿಟ್ಟ ಭಾಗಗಳಲ್ಲಿ.

ಕೊನೆಯ ಆಕ್ಷೇಪ ವ್ಯವಹಾರಸ್ಥರದು: ಕನಿಷ್ಠ ಆವೃತ್ತಿಯನ್ನು ಏರಿಸುತ್ತ ಹೋದರೆ ಹಳೆಯ ದೋಷಗಳೆಲ್ಲ ತಾವಾಗಿ ಹಿಂದೆ ಉಳಿಯುತ್ತವೆ, ಅಸೆಂಬ್ಲಿ ಓದುವ ತಲೆನೋವೇಕೆ? ಸಿ ಪಠ್ಯದೊಳಗಿನ ಅಸೆಂಬ್ಲಿಯಿಂದ ಸಿ ಪಠ್ಯದ ಬೇರೊಂದು ಜಾಗಕ್ಕೆ ಜಿಗಿಯಲು ಬಿಡುವ ‘ಅಸೆಂಬ್ಲಿ ಗೋಟೂ’ ಎಂಬ ಸೌಲಭ್ಯದ ಕಥೆ ಇದಕ್ಕೆ ಉತ್ತರ. ಇದನ್ನು ಜಿಸಿಸಿ ತಪ್ಪಾಗಿ ಕಂಪೈಲ್ ಮಾಡುತ್ತಿದ್ದುದರಿಂದ 2013ರ ಅಕ್ಟೋಬರಿನಲ್ಲಿ ಕರ್ನೆಲ್ ತಂಡದ ಇಂಗೊ ಮೋಲ್ನಾರ್ ಪ್ರತಿ ಬಳಕೆಯ ನಂತರ ಒಂದು ಖಾಲಿ ಅಸೆಂಬ್ಲಿ ಸಾಲು ಸೇರಿಸುವ ಉಪಾಯ ತಂದರು, 4.8.2ರಲ್ಲಿ ದೋಷ ಸರಿಹೋಗಿದೆಯೆಂದು ಅದನ್ನು 4.8.1ರವರೆಗಿನ ಆವೃತ್ತಿಗಳಿಗೆ ಸೀಮಿತಗೊಳಿಸಿದ್ದರು. ಕೆಲವೇ ತಿಂಗಳಲ್ಲಿ, 4.8.2ರಿಂದ ಕಟ್ಟಿದ ಕರ್ನೆಲ್ ವರ್ಚುವಲ್ ಯಂತ್ರಗಳ ಸ್ಮೃತಿಯನ್ನು ಬಿಟ್ಟುಕೊಡುತ್ತಿಲ್ಲವೆಂಬ ದೂರು ಬಂತು. ಉಪಾಯವನ್ನು ಎಲ್ಲ ಆವೃತ್ತಿಗಳಿಗೂ ಅನ್ವಯಿಸಿದರು. ಮುಂದೆ ಹಳೆಯ ಜಿಸಿಸಿಗಳ ಬೆಂಬಲ ನಿಂತ ಮೇಲೆ ಇದು ಯಾರಿಗೂ ಬೇಡವೆಂದು ತೆಗೆದುಹಾಕಿದರು. 2024ರ ಫೆಬ್ರವರಿಯಲ್ಲಿ ಶಾನ್ ಕ್ರಿಸ್ಟೊಫರ್ಸನ್ ಹೊಸ ಜಿಸಿಸಿಗಳಲ್ಲಿ ಹೆಚ್ಚುಕಡಿಮೆ ಅದೇ ರೋಗ ಕಂಡರು. ಹಳೆಯ ಖಾಲಿ ಸಾಲನ್ನು ಮರಳಿ ಹಾಕಿದಾಗ ಅದು ವಾಸಿಯಾಯಿತು. ಟೋರ್ವಾಲ್ಡ್ಸ್ ಮೊದಲು ಅದನ್ನು, ಔಟ್‌ಪುಟ್ ಇರುವ ಬಳಕೆಗಳ ಮಟ್ಟಿಗೆ, ಆವೃತ್ತಿ ನೋಡದೆ ಸೇರಿಸಿದರು. ಯಾಕುಬ್ ಯೆಲಿನೆಕ್ ಜಿಸಿಸಿಯೊಳಗೆ ಕಾರಣ ಹುಡುಕಿ ಸರಿಪಡಿಸಿದ ಮೇಲೆ 11.5, 12.4, 13.3 ಮತ್ತು 14ರಿಂದ ಮುಂದಿನವುಗಳಿಗೆ ವಿನಾಯಿತಿ ಕೊಟ್ಟರು. ತಿದ್ದುಪಡಿ ಸೇರುವ ಮುಂಚಿನ 14ರ ಸ್ನ್ಯಾಪ್‌ಶಾಟುಗಳೂ ತಮ್ಮನ್ನು 14 ಎಂದೇ ಕರೆದುಕೊಳ್ಳುತ್ತವೆ. ಅವುಗಳಿಂದ ಕಟ್ಟಿದ ಕರ್ನೆಲ್ ಆವೃತ್ತಿಯ ತಪಾಸಣೆಯನ್ನು ದಾಟುತ್ತದೆ, ಉಪಾಯದ ಸಾಲು ಅದಕ್ಕೆ ಸೇರುವುದಿಲ್ಲ. ಅದರೊಳಗೆ ತಪ್ಪು ಇದೆಯೋ ಇಲ್ಲವೋ ಎಂದು ತಿಳಿಯಲು ಆ ಫಂಕ್ಷನ್ನುಗಳ ಅಸೆಂಬ್ಲಿಯನ್ನು ಬಿಡಿಸಿ ನೋಡಬೇಕು.